ನಾಳೆ ಬಾರಮ್ಮ

ನಮ್ಮಪ್ಪ ದೆವ್ವಕ್ಕೆ ಬರೆದ ಪತ್ರದಲ್ಲಿ ಎರಡೇ ಪದ ಇದ್ದವು. ಬೀದಿ ಬಾಗಿಲ ಮೇಲೆ, ಸೀಮೆಸುಣ್ಣದಲ್ಲಿ, ಕಚೇರಿಯ ಫೈಲುಗಳಿಗೆ ಷರಾ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ: ನಾಳೆ ಬಾ. ಕೆಳಗೊಂದು ಸಹಿ, ತಾರೀಖು ಹಾಕಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಂಗಳೂರಿನ ಶ್ರೀರಾಮಪುರದ ಒಂದು ವಠಾರದಲ್ಲಿ ನಾವಿದ್ದೆವು. ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು. ಇಷ್ಟು ಇಕ್ಕಟ್ಟಿನಲ್ಲಿ ಒಂದು ದೆವ್ವವೂ ಬಂದು ಸೇರಿಕೊಂಡಿತು. ನಡುರಾತ್ರಿ ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳಂತೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಾಳಂತೆ, ಓಗೊಟ್ಟು ಚಿಲಕ ತೆಗೆದರೋ ಮನೆಯ ಗಂಡಸು ಬೆಳಗಾಗುವಷ್ಟರಲ್ಲಿ ಇಲ್ಲವಂತೆ. ನಲ್ಲಿಯ ಮುಂದೆ ಕೊಡ ಸಾಲಿಟ್ಟವರು ಈ ಸುದ್ದಿಯನ್ನು ದಿನಕ್ಕೊಂದು ಸುತ್ತು ಬೆಳೆಸುತ್ತಿದ್ದರು. ಪುಣ್ಯಕ್ಕೆ ಪರಿಹಾರವೂ ಜತೆಗೇ ಬಂದಿತ್ತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಅವಳು ಓದಿಕೊಂಡು ವಾಪಸು ಹೋಗುತ್ತಾಳೆ. ಮಾರನೆಯ ರಾತ್ರಿ ಬಂದರೂ ನಾಳೆ ಬಾ. ಅದರ ಮಾರನೆಯ ರಾತ್ರಿಯೂ ಅದೇ.

ಅಪ್ಪನಿಗೆ ದೆವ್ವದಲ್ಲಿ ನಂಬಿಕೆ ಇರಲಿಲ್ಲ. ಆದರೆ ಈ ಪರಿಹಾರದಲ್ಲಿ ಪೂರ್ತಿ ನಂಬಿಕೆ ಇತ್ತು. ಅವರು ಗುಮಾಸ್ತರು. “ಇಪ್ಪತ್ತು ವರ್ಷದಿಂದ ಮನುಷ್ಯರಿಗೆ ಇದನ್ನೇ ಹೇಳ್ತಾ ಇದ್ದೀನಿ, ಎಲ್ಲರೂ ಸುಮ್ಮನೆ ವಾಪಸು ಹೋಗ್ತಾರೆ. ದೆವ್ವ ಹೋಗದೆ ಇರುತ್ಯೇ?” ಎಂದು ನಗುತ್ತ ಸ್ಟೂಲು ಹತ್ತಿ ಬರೆದರು.

ತಕರಾರು ತೆಗೆದವರು ಅಜ್ಜಿ. ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ, ನನ್ನಿಂದ ಓದಿಸಿಕೊಂಡರು. ಓದಿದ ಮೇಲೆ ಮುಖ ಸಿಂಡರಿಸಿದರು. “ಅದೇನೋ ಏಕವಚನ? ಹೆಣ್ಣುಮಗಳು ಕಣೋ ಅವಳು. ಯಾವ ಸಂಕಟಕ್ಕೆ ಹೊತ್ತಲ್ಲದ ಹೊತ್ತಲ್ಲಿ ಬೀದಿ ಅಲೀತಿದಾಳೋ ಏನೋ. ‘ಬಾ’ ಅಂತ ಒದ್ದ ಹಾಗೆ ಹೇಳೋದೇ? ಬಾರಮ್ಮ ಅನ್ನೋಕೆ ನಿಮ್ಮಪ್ಪನ ಗಂಟೇನು ಹೋಗುತ್ತೆ?” ಸೀಮೆಸುಣ್ಣ ಮುಗಿದಿತ್ತು. ಒಲೆಯ ಬಾಯಿಂದ ಒಂದು ಇದ್ದಿಲ ಚೂರು ತಂದು, ಅಪ್ಪನ ಬಿಳಿಯ ‘ಬಾ’ದ ಪಕ್ಕ ನನ್ನ ಕರಿಯ ‘ರಮ್ಮ’ ಸೇರಿಸಿದೆ. ಇನ್ನೊಬ್ಬರ ಬರಹಕ್ಕೆ ನಾನು ಮಾಡಿದ ಮೊದಲ ತಿದ್ದುಪಡಿ ಅದು.

ಈಗ ಹಿಂದಿಯಲ್ಲಿ ದೆವ್ವದ ಹಾಸ್ಯಚಿತ್ರ ಅಂದರೆ ಕೋಟಿ ಕೋಟಿಯ ಮಾತು. ‘ಹಾರರ್ ಕಾಮಿಡಿ’ ಎಂದು ನನ್ನ ಮಗಳು ಹಲ್ಲಿ, ಜಿರಲೆ ಎಂದಷ್ಟು ಸಲೀಸಾಗಿ ಹೇಳುತ್ತಾಳೆ. ನಮ್ಮ ಕಾಲದಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ, ರಾಮ್ಸೆ ಪಿಚ್ಚರ್ ಅಂದರೆ ಮುಗಿಯಿತು. ಅವುಗಳಲ್ಲಿ ಹಾರರ್ ಅವರು ಬೇಕೆಂದು ಮಾಡಿದ್ದು, ಕಾಮಿಡಿ ಅರ್ಧ ಬೇಕೆಂದು, ಇನ್ನರ್ಧ ತಾನಾಗಿ ಆದದ್ದು.

ಅಪ್ಪ ರಾಮ್ಸೆ ಭಕ್ತರು. ಅಂಥ ಕುಟುಂಬ ಚಿತ್ರರಂಗದಲ್ಲಿ ಇನ್ನೊಂದಿರಲಿಕ್ಕಿಲ್ಲ. ತಂದೆ ಎಫ್. ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು. ರಾಮ್‌ಸಿಂಘಾನಿ ಎಂಬ ಹೆಸರು ಬಿಳಿಯ ಗಿರಾಕಿಗಳ ನಾಲಿಗೆಗೆ ಹೊರಳದೆ ರಾಮ್ಸೆ ಆಯಿತು. ದೇಶ ಒಡೆದಾಗ ಮುಂಬಯಿಗೆ ಬಂದರು, ರೇಡಿಯೋದಿಂದ ಸಿನಿಮಾಕ್ಕೆ ಜಿಗಿದರು. 1970ರಲ್ಲಿ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ತೋಪಾಯಿತು. ಆದರೆ ಅದರಲ್ಲಿ ಪೃಥ್ವೀರಾಜ್ ಕಪೂರ್ ವಿಕಾರದ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ದೃಶ್ಯವೊಂದಕ್ಕೆ ಮಾತ್ರ ಜನ ಕುರ್ಚಿಯಿಂದ ಜಿಗಿಯುತ್ತಿದ್ದುದನ್ನು ಮಕ್ಕಳು ಕತ್ತಲಲ್ಲಿ ಕೂತು ನೋಡಿದರು. ಹಾಗಾದರೆ ಇಡೀ ಚಿತ್ರವೇ ಆ ದೃಶ್ಯ ಆಗಲಿ ಅಂದರು. ಏಳು ಜನ ಗಂಡುಮಕ್ಕಳು. ತುಳಸಿ, ಶ್ಯಾಮ್ ನಿರ್ದೇಶನ. ಗಂಗು ಕ್ಯಾಮೆರಾ. ಕಿರಣ್ ಧ್ವನಿ. ಕುಮಾರ್ ಕಥೆ. ಹೀಗೆ ಮನೆಯೇ ಒಂದು ಸ್ಟುಡಿಯೋ. 1972ರ ‘ದೋ ಗಜ್ ಜಮೀನ್ ಕೇ ನೀಚೇ’ಗೆ ಮನೆಮಂದಿಯೆಲ್ಲ ಬಸ್ಸು ತುಂಬಿಕೊಂಡು ಮಹಾಬಲೇಶ್ವರಕ್ಕೆ ಹೋದರು. ಹೆಂಗಸರು ಅಡುಗೆ ಮಾಡಿದರು, ಗಂಡಸರು ಗೋರಿ ಅಗೆದರು. ನಮ್ಮ ಕಡೆ ಮನೆಮಂದಿ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋದಂತೆ.

‘ಪುರಾನಾ ಮಂದಿರ್’ ನೋಡಿದ್ದು ವಠಾರದ ಅಂಗಳದಲ್ಲಿ. ಎಲ್ಲರೂ ಚಂದಾ ಹಾಕಿ ಕಲರ್ ಟಿ.ವಿ., ವಿಸಿಪಿ ಒಂದು ದಿನಕ್ಕೆ ಬಾಡಿಗೆಗೆ ತಂದಿದ್ದೆವು. ಬಾಡಿಗೆ ವಸೂಲಾಗಬೇಕಲ್ಲ, ರಾತ್ರಿಯಿಡೀ ನಾಲ್ಕು ಸಿನಿಮಾ. ಎರಡು ಗಂಟೆ ರಾತ್ರಿಗೆ ಸಾಮ್ರಿ ಬಂದ. ಸಾಮ್ರಿ ಅಂದರೆ ಅನಿರುದ್ಧ್ ಅಗರ್ವಾಲ್, ಆಳೆತ್ತರದ ಮೇಲೆ ಇನ್ನೊಂದು ತಲೆಯೆತ್ತರದ ಮನುಷ್ಯ. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದವರಂತೆ ಎಂದು ಎಷ್ಟೋ ವರ್ಷದ ಮೇಲೆ ತಿಳಿದಾಗ ನನಗೆ ಅವರ ಮೇಲಿದ್ದ ಭಯ ಹೋಗಿ ಕನಿಕರ ಬಂತು. ಅಷ್ಟು ಓದಿ, ಕಡೆಗೆ ತಲೆಯನ್ನು ಪೆಟ್ಟಿಗೆಯಲ್ಲೊಂದು ಕಡೆ, ಮುಂಡವನ್ನು ಇನ್ನೊಂದು ಕಡೆ ಹೂಳಿಸಿಕೊಂಡರು.

ಅದೇ ಚಿತ್ರದಲ್ಲಿ ಜಗದೀಪ್ ಇದ್ದಾರೆ. ಮಚ್ಛರ್ ಸಿಂಗ್ ಎಂಬ ಡಕಾಯಿತ. ‘ಶೋಲೆ’ಯ ಅಣಕ. ಅತ್ತ ಕೋಟೆಯಲ್ಲಿ ರಕ್ತದ ಕೋಡಿ ಹರಿಯುತ್ತಿದ್ದರೆ ಇತ್ತ ಮಚ್ಛರ್ ಸಿಂಗನದೇ ಬೇರೆ ಲೋಕ. ಎರಡಕ್ಕೂ ಮಾತಿಲ್ಲ ಕತೆಯಿಲ್ಲ. ಟಿಫಿನ್ ಕ್ಯಾರಿಯರ್ ಇದ್ದ ಹಾಗೆ, ಅನ್ನದ ಡಬ್ಬಿಗೂ ಹುಳಿಯ ಡಬ್ಬಿಗೂ ನಡುವೆ ತಗಡಿನ ಗೋಡೆ. ಜಗದೀಪ್ ಬಂದಾಗ ದೊಡ್ಡವರು ಎದ್ದು ಕಾಫಿಗೆ ನೀರಿಡುತ್ತಿದ್ದರು. ಮಕ್ಕಳು ಆ ಗಳಿಗೆಗೇ ಕಾದಿದ್ದವರಂತೆ ಗುಂಪಾಗಿ ಕಕ್ಕಸಿಗೆ ಓಡುತ್ತಿದ್ದೆವು. ಒಬ್ಬೊಬ್ಬರೇ ಹೋಗುವ ಧೈರ್ಯ ಯಾರಿಗಿತ್ತು? ಹಾಸ್ಯ ಅಲ್ಲಿ ಊಟದ ಭಾಗವಲ್ಲ, ಕೈತೊಳೆಯಲು ಬಿಟ್ಟ ಸಮಯ.

ಅನ್ನ, ಬೇಳೆ ಒಂದೇ ಪಾತ್ರೆಯಲ್ಲಿ ಬೇಯಿಸಿದವರು ಮುಂಚೆಯೂ ಇದ್ದರು. 1965ರಲ್ಲೇ ಮೆಹಮೂದ್ ‘ಭೂತ್ ಬಂಗ್ಲಾ’ ನಿರ್ದೇಶಿಸಿ, ಸಂಗೀತ ಕೊಟ್ಟ ಆರ್. ಡಿ. ಬರ್ಮನ್ ಅವರನ್ನೇ ಹಿಡಿದು ತಂದು ಹೆದರುವ ಪಾತ್ರ ಮಾಡಿಸಿದ್ದರು. ಆದರೆ ಅದೊಂದು ಹಬ್ಬದಡುಗೆ. ದಿನದ ಅಡುಗೆಯಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ನಮ್ಮ ಮನೆಯ ಹಾರರ್ ಕಾಮಿಡಿ ನಡೆದದ್ದು ಬಾಗಿಲ ಮೇಲೆ ಬರೆದು ಹತ್ತು ಹನ್ನೆರಡು ದಿನಕ್ಕೆ. ಮೆಜೆಸ್ಟಿಕ್ಕಿನಲ್ಲೊಂದು ಕಡೆ ರಾಮ್ಸೆಗಳ ‘ಬಂದ್ ದರ್ವಾಜಾ’ ಹಾಕಿದ್ದರು. ಅಪ್ಪ, ಕಚೇರಿಯ ಇಬ್ಬರು ಗೆಳೆಯರು ಸೆಕೆಂಡ್ ಶೋಗೆ ಹೋದರು. ಅಪ್ಪನಿಗೆ ಎರಡು ದಿನದಿಂದ ಶೀತ, ಗಂಟಲು ಕಟ್ಟಿತ್ತು. ಜತೆಗೆ ಚಿತ್ರಮಂದಿರದಲ್ಲಿ ಕಿರುಚಿದ್ದೂ ಸೇರಿ ಉಳಿದ ದನಿಯೂ ಹೋಗಿತ್ತು. ಒಂದೂವರೆಗೆ ನಡೆದುಕೊಂಡು ಬಂದು ಬಾಗಿಲು ತಟ್ಟಿ ಅಮ್ಮನ ಹೆಸರು ಹಿಡಿದು ಕರೆದರು.

ಅದು ಎರಡು ರೀತಿ ತಪ್ಪಾಯಿತು. ಅಪ್ಪ ಯಾವತ್ತೂ ಅಮ್ಮನನ್ನು ಹೆಸರು ಹಿಡಿದು ಕರೆದವರಲ್ಲ, “ಇವಳೇ” ಅಂತಲೇ. ಆ ರಾತ್ರಿ ಹೊರಗೆ ಕತ್ತಲು, ನೋಡಿ ಬಂದದ್ದು ರಕ್ತ ಹೀರುವವನ ಸಿನಿಮಾ, ಗಾಬರಿಯಲ್ಲಿ ಹೆಸರೇ ಬಾಯಿಗೆ ಬಂದುಬಿಟ್ಟಿತು. ಎರಡನೆಯದು, ಆ ದನಿ. ಸೀಳಿದ ಬಿದಿರಿನ ಹಾಗೆ.

ಅಮ್ಮ ಎದ್ದು ಕೂತರು. ನಾನು ಕೌದಿಯೊಳಗಿಂದ ಒಂದು ಕಣ್ಣು ಮಾತ್ರ ಹೊರಗೆ ಇಟ್ಟಿದ್ದೆ. ಮೂರು ಸಲ ಕರೆಯುವವರೆಗೂ ಓಗೊಡಬಾರದು, ದೆವ್ವಕ್ಕೆ ಮೂರನೆಯ ಸಲ ಕರೆಯಲು ಬರುವುದಿಲ್ಲ ಎಂಬುದು ನಲ್ಲಿಕಟ್ಟೆಯ ಶಾಸ್ತ್ರ. ಎರಡನೆಯ ಸಲ ಕರೆದರು. ಮೂರನೆಯ ಸಲಕ್ಕೆ ಕೆಮ್ಮು ಬಂತು. ಕೆಮ್ಮು ಕರೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಅಮ್ಮ ಅಜ್ಜಿಯ ಮುಖ ನೋಡಿದರು. ಅಜ್ಜಿ ಬಾಗಿಲ ಹತ್ತಿರ ಹೋಗಿ, ಚಿಲಕ ಮುಟ್ಟದೆ, ಬಹಳ ಮರ್ಯಾದೆಯಿಂದ ಹೇಳಿದರು: “ಇವತ್ತು ಹೋಗಿ ನಾಳೆ ಬಾರಮ್ಮ.”

ಇಪ್ಪತ್ತು ವರ್ಷ ಕೌಂಟರಿನ ಒಳಗೆ ಕೂತು ಆ ಮಾತು ಹೇಳಿದವರು ಮೊದಲ ಸಲ ಹೊರಗೆ ನಿಂತು ಕೇಳಿಸಿಕೊಂಡರು. ಅವರೂ ವಾದ ಮಾಡಲಿಲ್ಲ. ಎದುರು ಮನೆಯ ತೆಲುಗು ಮೇಷ್ಟರ ಜಗಲಿಯಲ್ಲಿ, ಅವರ ಸೈಕಲ್ಲಿಗೆ ಹೊದಿಸಿದ್ದ ಗೋಣಿಚೀಲ ಹೊದ್ದು ಮಲಗಿದರು. ಬೆಳಿಗ್ಗೆ ಹಾಲಿನವನು ಕಂಡು ಕಿರುಚಿ ಕ್ಯಾನು ಬೀಳಿಸಿದ್ದೊಂದು ಬೇರೆ ಕಥೆ.

2004ರಲ್ಲಿ ‘ಆಪ್ತಮಿತ್ರ’ ಬಂತು. ಅಷ್ಟರಲ್ಲಿ ವಠಾರ ಬಿಟ್ಟಿದ್ದೆವು, ಅಜ್ಜಿ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ಸೌಂದರ್ಯ ಜಕ್ಕೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು, ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ದ್ವಾರಕೀಶ್ ಬರುತ್ತಿದ್ದ ಹಾಗೆ ಜನ ನಗುತ್ತಿದ್ದರು, ವಿಷ್ಣುವರ್ಧನ್ ಬಂದಾಗ ಶಿಳ್ಳೆ. ಸೌಂದರ್ಯ ನಾಗವಲ್ಲಿಯಾಗಿ ಕಣ್ಣರಳಿಸಿದಾಗ ಮಾತ್ರ ಇಡೀ ಚಿತ್ರಮಂದಿರ ಸುಮ್ಮನಾಯಿತು. ಅದು ಹೆದರಿಕೆಯ ಮೌನವಲ್ಲ. ಪಕ್ಕದಲ್ಲಿದ್ದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು “ಪಾಪ, ಎಷ್ಟು ಚೆನ್ನಾಗಿ ಹೆದರಿಸ್ತಾಳೆ” ಎಂದರು.

ಆ ಕಥೆ ಹುಟ್ಟಿದ್ದು ಮಲಯಾಳದಲ್ಲಿ, 1993ರ ‘ಮಣಿಚಿತ್ರತ್ತಾಳ್’. ಅಲ್ಲಿಂದ ಕನ್ನಡಕ್ಕೆ, ಆಮೇಲೆ ತಮಿಳಿಗೆ, 2007ರಲ್ಲಿ ಪ್ರಿಯದರ್ಶನ್ ಕೈಯಲ್ಲಿ ‘ಭೂಲ್ ಭುಲಯ್ಯಾ’ ಆಗಿ ಹಿಂದಿಗೆ. ಇವನ್ನೆಲ್ಲ ನೋಡಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಮಲಯಾಳ ಚಿತ್ರದಲ್ಲಿ ದೆವ್ವ ತಮಿಳು ಮಾತಾಡುತ್ತದೆ. ಕನ್ನಡ, ತಮಿಳು ಎರಡರಲ್ಲೂ ತೆಲುಗು. ಹಿಂದಿಗೆ ಹೋದ ಮೇಲೆ ಬಂಗಾಳಿ. ಯಾರ ಸಿನಿಮಾದಲ್ಲೂ ದೆವ್ವ ಸ್ವಂತ ಮನೆಯದಲ್ಲ, ಪಕ್ಕದ ಮನೆಯದು! ಮನೆಯಲ್ಲಿ ಸಕ್ಕರೆ ಮುಗಿದರೂ ದೆವ್ವ ಮುಗಿದರೂ ನಾವು ತಟ್ಟುವುದು ಒಂದೇ ಬಾಗಿಲು.

ಇಷ್ಟು ಹೊಳೆದಿದ್ದವನು 2018ರಲ್ಲಿ ‘ಸ್ತ್ರೀ’ ನೋಡುವಾಗ ಮರೆತುಬಿಟ್ಟೆ. ಅಪ್ಪ ಆಗ ನಿವೃತ್ತರಾಗಿ ಬಹಳ ವರ್ಷ ಆಗಿತ್ತು, ಮಂಡಿನೋವು. ಆದರೂ ದೆವ್ವದ ಸಿನಿಮಾ ಅಂದದ್ದೇ ಪ್ಯಾಂಟು ಹಾಕಿಕೊಂಡು ತಯಾರಾದರು. ಮಧ್ಯಪ್ರದೇಶದ ಚಂದೇರಿ, ಸೀರೆಗೆ ಹೆಸರಾದ ಊರು. ಪರದೆಯ ಮೇಲೆ ಅಲ್ಲಿನ ಗೋಡೆ ಗೋಡೆಯ ಮೇಲೂ ದೆವ್ವಕ್ಕೆ ನಾಳೆ ಬರುವಂತೆ ಬರೆದಿದೆ. ನಾನು ಕುರ್ಚಿಯಲ್ಲಿ ನೆಟ್ಟಗಾದೆ. “ಅಪ್ಪ, ಇದು ನಮ್ಮದು! ನಮ್ಮ ಶ್ರೀರಾಮಪುರದ್ದು!” ಹಿಂದಿನವರು ಸುಮ್ಮನಿರಿ ಅಂದರು. ಇಂಟರ್‌ವಲ್ಲಿನಲ್ಲಿ ಮತ್ತೆ ಕುದಿದೆ. ಬೆಂಗಳೂರಿನ ‘ನಾಳೆ ಬಾ’ ಅಂತ ಊರಿಗೆಲ್ಲ ಗೊತ್ತು, ನಮ್ಮ ದೆವ್ವವನ್ನು ಎತ್ತಿಕೊಂಡು ಹೋಗಿ ದುಡ್ಡು ಮಾಡುತ್ತಿದ್ದಾರೆ, ನಮಗೊಂದು ನಮಸ್ಕಾರವೂ ಇಲ್ಲ.

ಅಪ್ಪ ಪಾಪ್‌ಕಾರ್ನಿನ ಬೆಲೆ ಓದಿ ಚೇತರಿಸಿಕೊಳ್ಳುತ್ತಿದ್ದರು. “ನಮ್ಮದು ಅಂತ ಎಲ್ಲಿ ರಿಜಿಸ್ಟರ್ ಮಾಡಿಸಿದ್ದೆ?” ಅಂದರು. ಸ್ವಲ್ಪ ಹೊತ್ತಿನ ಮೇಲೆ, “ಮೇಷ್ಟರ ಬಾಗಿಲ ಮೇಲೆ ಏನಿತ್ತು, ನೆನಪಿದೆಯೇನೋ?” ಎಂದು ಕೇಳಿದರು.

ನೆನಪಾಯಿತು. ಕೆಮ್ಮಣ್ಣಿನಲ್ಲಿ, ತೆಲುಗು ಲಿಪಿಯಲ್ಲಿ ಬರೆದು, ನಮಗೆಲ್ಲ ಓದಿ ಹೇಳಿದ್ದರು: ಓ ಸ್ತ್ರೀ ರೇಪು ರಾ. ಆಂಧ್ರದ ಊರೂರ ಬಾಗಿಲ ಮೇಲೂ ಇದ್ದದ್ದು ಅದೇ. ಆ ‘ಓ ಸ್ತ್ರೀ’ ಎಂಬ ಸಂಬೋಧನೆ ಇತ್ತಲ್ಲ, ಅದು ಅಪ್ಪನ ಷರಾದಲ್ಲೂ ಇರಲಿಲ್ಲ, ಅಜ್ಜಿಯ ತಿದ್ದುಪಡಿಯಲ್ಲೂ ಇರಲಿಲ್ಲ. ಸಿನಿಮಾ ಬರೆದ ರಾಜ್ ಮತ್ತು ಡಿಕೆ ತಿರುಪತಿ ಕಡೆಯ ಎಂಜಿನಿಯರುಗಳು. ಅಮೆರಿಕದಲ್ಲಿ ಸಾಫ್ಟ್‌ವೇರ್ ಮಾಡುತ್ತಿದ್ದವರು ಸಿನಿಮಾ ಹುಚ್ಚಿಗೆ ಬಿದ್ದು, 2013ರಲ್ಲೇ ‘ಗೋ ಗೋವಾ ಗಾನ್’ ಎಂದು ಗೋವಾದ ಕಡಲತೀರದಲ್ಲಿ ಹೆಣಗಳನ್ನು ಎಬ್ಬಿಸಿ ಓಡಿಸಿದ್ದರು. ಮೇಷ್ಟರ ದೇಶದವರು, ಮೇಷ್ಟರ ದೆವ್ವವನ್ನೇ ತಂದಿದ್ದರು. ನಾನು ಇಪ್ಪತ್ತೈದು ವರ್ಷ ನಮ್ಮ ದೆವ್ವ ಎಂದು ಹೆಮ್ಮೆಪಟ್ಟದ್ದು ಎದುರು ಮನೆಯ ಸಕ್ಕರೆ. ಅಥವಾ ಅವರು ಕೊಂಡೊಯ್ದದ್ದು ನಮ್ಮದೋ. ನಲ್ಲಿಯ ಮುಂದೆ ಯಾರ ಕೊಡ ಯಾರ ಸಾಲಿನಲ್ಲಿತ್ತು ಎಂದು ಈಗ ಹೇಳುವವರಾರು?

ಚಿತ್ರ ಮಾತ್ರ ಸೊಗಸು. ಅಮರ್ ಕೌಶಿಕ್ ನಿರ್ದೇಶಿಸಿದ ಮೊದಲ ಪೂರ್ಣ ಚಿತ್ರ ಅದು. ಹಾರರ್ ಒಂದು ಡಬ್ಬಿ, ಕಾಮಿಡಿ ಒಂದು ಡಬ್ಬಿ ಅಲ್ಲ, ಬಿಸಿಬೇಳೆಬಾತು. ಯಾವ ತುತ್ತಿನಲ್ಲಿ ಮೆಣಸಿನಕಾಯಿ ಸಿಗುತ್ತದೋ ಹೇಳಲಾಗದು. ನಾಯಕ ವಿಕ್ಕಿ, ಅಂದರೆ ರಾಜ್‌ಕುಮಾರ್ ರಾವ್, ಲೇಡೀಸ್ ಟೈಲರ್. ಟೇಪು ಹಿಡಿಯದೆ ಬರೀ ಕಣ್ಣಳತೆಯಲ್ಲಿ ಅಳೆಯುವ ಚತುರ. ಸ್ತ್ರೀ ಗಂಡಸರನ್ನು ಎತ್ತಿಕೊಂಡು ಹೋಗುವಾಗ ಅವರ ಬಟ್ಟೆ ಮಾತ್ರ ಬೀದಿಯಲ್ಲಿ ಬಿಟ್ಟು ಹೋಗುತ್ತಾಳೆ. ಹಾಗಿರುವಾಗ ಕಥೆಗೆ ನಾಯಕ ಟೈಲರ್ ಅಲ್ಲದೆ ಇನ್ಯಾರಾಗಬೇಕು? ನಕ್ಕು ಮುಗಿದ ಮೇಲೆ ಹೊಳೆಯುವ ಇಂಥ ಜಾಣತನ ನನಗೆ ಬಹಳ ಇಷ್ಟ.

ಪುಸ್ತಕದಂಗಡಿಯ ರುದ್ರನಾಗಿ ಪಂಕಜ್ ತ್ರಿಪಾಠಿ ದೆವ್ವದ ಗುಣಗಾನ ಮಾಡುವ ಕಡೆ ಅಪ್ಪ ನಗುತ್ತ ನನ್ನ ತೊಡೆಗೆ ಹೊಡೆದರು. ಈ ದೆವ್ವ ಓದುಬರಹ ಬಲ್ಲದ್ದು, ಬರೆದದ್ದನ್ನು ಪಾಲಿಸುವಂಥದ್ದು, ಯಾರನ್ನೂ ಬಲವಂತ ಮಾಡದ್ದು. “ನಮ್ಮ ಆಫೀಸಿಗೆ ಬರ್ತಿದ್ದ ಯಾರೂ ಬೋರ್ಡು ಓದ್ತಾ ಇರಲಿಲ್ಲ ಕಣೋ” ಅಂದರು. ಗಂಡಸರು ಸೀರೆ ಉಟ್ಟು ಬೀದಿಗಿಳಿಯುತ್ತಾರೆ. ಹೆಂಗಸರು ಗಂಡಂದಿರಿಗೆ ಕತ್ತಲಾಗುವುದರೊಳಗೆ ಮನೆ ಸೇರಿಕೊಳ್ಳಿ ಎಂದು ಬುದ್ಧಿ ಹೇಳುತ್ತಾರೆ. ನಗುತ್ತ ನಗುತ್ತ ಹಿಂದಿನ ಸಾಲಿನ ಒಬ್ಬ ಹುಡುಗಿ “ಹೀಗೇ ಅಲ್ವಾ ನಮಗೆ ದಿನಾ” ಎಂದದ್ದು ಕೇಳಿಸಿತು.

ಕಡೆಗೆ ಗೊತ್ತಾಗುವುದೇನೆಂದರೆ, ಆ ಸ್ತ್ರೀಗೆ ರಕ್ತ ಬೇಕಿಲ್ಲ. ಬದುಕಿದ್ದಾಗ ಸಿಗದ ಪ್ರೀತಿ, ಮರ್ಯಾದೆ ಬೇಕು. ಊರವರು ಗೋಡೆಬರಹ ತಿದ್ದಿ, ನಾಳೆ ಬಾ ಅನ್ನುವ ಬದಲು ನಮ್ಮನ್ನು ಕಾಪಾಡು ಎಂದು ಬರೆಯುತ್ತಾರೆ. ಚಿತ್ರಮಂದಿರದ ದೀಪ ಹತ್ತಿತು. ಅಪ್ಪ ಏಳಲಿಲ್ಲ. ಮಂಡಿ ಹಿಡಿದುಕೊಂಡಿದೆ ಎಂದುಕೊಂಡು ಕೈ ಕೊಟ್ಟೆ. “ನಮ್ಮಮ್ಮ ಇದ್ದಿದ್ರೆ ಇಷ್ಟು ಹೊತ್ತು ತಗೊಳ್ತಿರಲಿಲ್ಲ ಇವರು” ಅಂದರು. ಎರಡೂಕಾಲು ಗಂಟೆಗೂ, ಒಂದು ಇದ್ದಿಲ ಚೂರಿಗೂ ಲೆಕ್ಕ ಹಾಕುತ್ತಿದ್ದರು.

ಆಮೇಲೆ ಸಾಲುಗಟ್ಟಿ ಬಂದವು. ದಿನೇಶ್ ವಿಜನ್ ಅವರ ಮ್ಯಾಡಾಕ್ ಕಂಪನಿ ದೆವ್ವಗಳದೊಂದು ಅವಿಭಕ್ತ ಕುಟುಂಬವನ್ನೇ ಕಟ್ಟಿತು. ‘ರೂಹಿ’ ನನಗೆ ಹತ್ತಲಿಲ್ಲ. ಬಾಲ್ಯದ ಕೆಲವು ವರ್ಷ ಅರುಣಾಚಲದಲ್ಲಿ ಕಳೆದ ಕೌಶಿಕ್ ಅಲ್ಲಿನ ಕಾಡಿಗೇ ಹೋಗಿ ‘ಭೇಡಿಯಾ’ ತೆಗೆದರು, ತೋಳವಾಗುವ ಹುಡುಗನ ಕಥೆ. ಆದಿತ್ಯ ಸರ್ಪೋತ್‌ದಾರ್ ಅವರ ‘ಮುಂಜ್ಯಾ’ ಕೊಂಕಣದ್ದು. ಮುಂಜಿಯಾದ ಹುಡುಗ ಅಕಾಲದಲ್ಲಿ ಸತ್ತು, ಮರ ಹಿಡಿದು ಕೂತು, ಮದುವೆ ಮದುವೆ ಎಂದು ಪೀಡಿಸುತ್ತಾನೆ. ನಮ್ಮ ಬ್ರಹ್ಮರಾಕ್ಷಸನ ದಾಯಾದಿಯೇ, ನೋಡಿದರೆ ನೆಂಟಸ್ತಿಕೆ ತಿಳಿಯುತ್ತದೆ. 2025ರ ‘ಥಾಮಾ’ದಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣನೇ ಬೇತಾಳ ಕುಲದವಳಾದಳು. ಲೆಕ್ಕಕ್ಕೆ ಲೆಕ್ಕ ಸರಿಹೋಯಿತು ಎಂದುಕೊಂಡೆ.

ಅಪ್ಪ ಅವನ್ನೊಂದನ್ನೂ ನೋಡಲಿಲ್ಲ. ಹೋಗಿ ಆಗಲೇ ಆರು ವರ್ಷ.

2024ರ ಆಗಸ್ಟ್‌ನಲ್ಲಿ ‘ಸ್ತ್ರೀ 2’ ಬಂದಾಗ ಮಗಳು ಹಟ ಹಿಡಿದಳು. ಸ್ವಾತಂತ್ರ್ಯ ದಿನದ ರಜೆ, ಊರಿಗೆ ಊರೇ ಚಿತ್ರಮಂದಿರದಲ್ಲಿ. ಸಿಕ್ಕಿದ್ದು ಕಡೆಯ ಆಟದ ಟಿಕೆಟ್. ಈ ಸಲ ‘ಸರ್ಕಟಾ’ ಎಂಬ ರುಂಡವಿಲ್ಲದ ರಾಕ್ಷಸ. ಆ ಪಾತ್ರಕ್ಕೆ ಹುಡುಕಿ ತಂದದ್ದು ಜಮ್ಮುವಿನ ಕಡೆಯ ಸುನೀಲ್ ಕುಮಾರ್ ಎಂಬ ಏಳೂವರೆ ಅಡಿಯ ಪೊಲೀಸ್ ಕಾನ್‌ಸ್ಟೇಬಲನ್ನು. ಅಂದು ಎಂಜಿನಿಯರು, ಇಂದು ಪೊಲೀಸು. ಎತ್ತರದವರಿಗೆ ನಮ್ಮ ದೇಶದಲ್ಲಿ ತಲೆಯೇ ಉಳಿಯುವುದಿಲ್ಲ. ಚಿತ್ರ ದೇಶದೊಳಗೇ ಐನೂರು ಕೋಟಿ ದಾಟಿತು. ನನಗೆ ಸದ್ದು ಜಾಸ್ತಿ ಅನ್ನಿಸಿತು. ಮೊದಲನೆಯದರಲ್ಲಿ ಓಣಿಯ ಕತ್ತಲು ಸಾಕಾಗಿತ್ತು, ಇದರಲ್ಲಿ ಬೆಂಕಿ, ಸರಪಳಿ, ತೋಳ, ಅಕ್ಷಯ್ ಕುಮಾರ್, ಎಲ್ಲರೂ ಮದುವೆ ಮನೆಗೆ ಬಂದ ಹಾಗೆ ಬಂದರು. ಬಿಸಿಬೇಳೆಬಾತಿಗೆ ಯಾರೋ ಗೋಡಂಬಿ ಸುರಿದ ಹಾಗೆ. ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು, ಹೆದರಿ ನನ್ನ ತೋಳು ಚಿವುಟಿದಳು. ಆ ಗುರುತು ಎರಡು ದಿನ ಇತ್ತು.

ಮನೆ ಮುಟ್ಟಿದಾಗ ಒಂದೂವರೆ. ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ಅಮ್ಮ ಒಬ್ಬರೇ. ಬೀಗದ ಕೈ ಒಳಗೇ ಬಿಟ್ಟು ಬಂದಿದ್ದೆವು. ಕಾಲಿಂಗ್ ಬೆಲ್ ಕೆಟ್ಟು ತಿಂಗಳಾಗಿತ್ತು.

“ಈಗ ನೋಡು ತಮಾಷೆ,” ಮಗಳಿಗೆ ಪಿಸುಗುಟ್ಟಿದೆ. “ಮೂರು ಸಲ ಕರೆಯೋವರೆಗೂ ಅಜ್ಜಿ ಅಲ್ಲಾಡಲ್ಲ. ನಿಮ್ಮ ತಾತನ್ನೇ ಹೊರಗೆ ಮಲಗಿಸಿದ್ದವರು.”

ಆ ಸಂಜೆ ಕೂಗಿ ಕೂಗಿ ನನ್ನ ಗಂಟಲೂ ಕಟ್ಟಿತ್ತು. ಬಾಗಿಲು ತಟ್ಟಿ “ಅಮ್ಮ” ಎಂದೆ. ಒಂದೇ ಸಲ. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಚಪ್ಪಲಿಯ ಸದ್ದಾಯಿತು, ಚಿಲಕ ಸರಿಯಿತು, ಬಾಗಿಲು ಪೂರ್ತಿ ತೆರೆಯಿತು. ಅಮ್ಮ ಕನ್ನಡಕವಿಲ್ಲದೆ ನಿಂತಿದ್ದರು. ನನ್ನ ಮುಖ ನೋಡಿದರು, ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

“ಏನಮ್ಮ, ಮೊದಲನೇ ಸಲಕ್ಕೇ ತೆಗೆದುಬಿಟ್ಯಲ್ಲ?”

“ನಿಮ್ಮಪ್ಪನ ದನಿ ಹಾಗೆ ಕೇಳ್ತು” ಎಂದು ಸೆರಗು ಸರಿಮಾಡಿಕೊಂಡರು.

“ದೆವ್ವ ಆಗಿದ್ದಿದ್ರೆ, ಅಜ್ಜಿ?” ಮಗಳು ಕೇಳಿದಳು.

“ಅದಕ್ಕೇ ತೆಗೆದೆ” ಅಂದರು ಅಮ್ಮ. ಅಡುಗೆಮನೆಯ ದೀಪ ಹಾಕಿ, “ಕೈಕಾಲು ತೊಳ್ಕೊಳ್ಳಿ, ಸಾರು ಬಿಸಿ ಮಾಡ್ತೀನಿ” ಎಂದು ಒಳಗೆ ಹೋದರು.